ಡಿಜಿಟಲ್ ಹಣ ಮತ್ತು ಬ್ಯಾಂಕಿಂಗ್ ಬದಲಾವಣೆ: ಕ್ಯಾತ್ಸಂದ್ರ ಮತ್ತು ತುಮಕೂರು ಸೀಮೆ

ಡಿಜಿಟಲ್ ಹಣ ಎಂಬ ಒಂದೇ ಹೆಸರಿನಡಿ ಈಗ ಮೂರು ಬೇರೆ ಬೇರೆ ಸಂಗತಿಗಳು ಓಡಾಡುತ್ತಿವೆ. ಮೊದಲನೆಯದು ಬ್ಯಾಂಕ್ ಖಾತೆಯಲ್ಲಿರುವ ಮಾಮೂಲಿ ರೂಪಾಯಿ. ಯುಪಿಐ, ಫಾಸ್ಟ್ಯಾಗ್, ಆಧಾರ್ ಜೋಡಣೆಯಂಥ ದಾರಿಗಳಲ್ಲಿ ನೋಟಿನ ಹಂಗಿಲ್ಲದೆ ಕೈ ಬದಲಿಸುವಂಥದು. ಎರಡನೆಯದು ರಿಸರ್ವ್ ಬ್ಯಾಂಕ್ 2022ರಿಂದ ಪ್ರಯೋಗಾರ್ಥ ಚಲಾವಣೆಗೆ ಬಿಟ್ಟಿರುವ ಇ-ರೂಪಾಯಿ. ಮೂರನೆಯದು ಯಾವ ಸರ್ಕಾರದ ಮುದ್ರೆಯೂ ಇಲ್ಲದ ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೊ ನಾಣ್ಯಗಳು. ಪತ್ರಿಕೆಗಳಲ್ಲಿ ಹೆಚ್ಚು ಸದ್ದು ಮಾಡುವುದು ಮೂರನೆಯದು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಜನರ ದಿನದ ವ್ಯವಹಾರವನ್ನು ಅಲುಗಾಡಿಸಿದ್ದು ಮೊದಲನೆಯದು. ಇಲ್ಲಿ ರೂಪಾಯಿ ಬದಲಾದದ್ದಕ್ಕಿಂತ ಅದರ ಲೆಕ್ಕ ಬದಲಾದದ್ದೇ ದೊಡ್ಡದು. ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದು ಹಿಂದೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ಈಗ ಪ್ರತಿ ಹತ್ತು ರೂಪಾಯಿಯೂ ಎಲ್ಲೋ ಒಂದು ಕಡೆ ದಾಖಲಾಗಿ ಕೂರುತ್ತದೆ. ಈ ಬದಲಾವಣೆಯ ಅನುಕೂಲ, ತಕರಾರು ಎರಡೂ ಹುಟ್ಟಿದ್ದು ಆ ದಾಖಲೆಯಿಂದಲೇ.

ಕ್ಯಾತ್ಸಂದ್ರವು ತುಮಕೂರು ನಗರಕ್ಕೆ ಬೆಂಗಳೂರು ಕಡೆಯಿಂದ ಬರುವವರಿಗೆ ಮೊದಲು ಸಿಗುವ ಬಡಾವಣೆ. ಪಕ್ಕದಲ್ಲಿ ಸಿದ್ಧಗಂಗಾ ಮಠ, ಬೆಂಗಳೂರು–ತುಮಕೂರು ಮಾರ್ಗದ ಸಣ್ಣ ರೈಲು ನಿಲ್ದಾಣ, ರಾಷ್ಟ್ರೀಯ ಹೆದ್ದಾರಿ 48ರ ಟೋಲ್, ಜೊತೆಗೆ ಹೆದ್ದಾರಿಯ ಪ್ರಯಾಣಿಕರನ್ನು ನಿಲ್ಲಿಸುವ ತಟ್ಟೆ ಇಡ್ಲಿ. ಸಂತೆ, ಮಂಡಿ, ಪರಿಷೆ, ಹೋಟೆಲ್, ಹೆದ್ದಾರಿ ಎಲ್ಲವೂ ಹತ್ತು ನಿಮಿಷದ ದಾರಿಯಲ್ಲಿರುವುದರಿಂದ ಹಣದ ಹೊಸ ದಾರಿಗಳನ್ನು ನೋಡಲು ಇದು ತಕ್ಕ ಜಾಗ.

ಬ್ಯಾಂಕುಗಳ ಹಿನ್ನೆಲೆ

ಕರ್ನಾಟಕಕ್ಕೆ ಬ್ಯಾಂಕಿಂಗ್ ಹೊಸದಲ್ಲ. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ಕರಾವಳಿಯಲ್ಲಿ 1906ರಲ್ಲಿ ಒಂದೇ ವರ್ಷ ಎರಡು ಬ್ಯಾಂಕುಗಳಿಗೆ ಬೀಜ ಬಿತ್ತು: ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್. ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ 1913ರಲ್ಲಿ ಮೈಸೂರು ಬ್ಯಾಂಕ್ ಆರಂಭವಾಯಿತು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ಎ. ಬಿ. ಶೆಟ್ಟರ ವಿಜಯಾ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ತಂದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಪುಡಿಗಾಸನ್ನೂ ಕೂಡಿಸಿಕೊಂಡು ಬರುತ್ತಿದ್ದರು. ಸಣ್ಣ ಮೊತ್ತ, ದಿನನಿತ್ಯ, ಬಾಗಿಲಿಗೇ ಬರುವ ಸೇವೆ: ಇಂದಿನ ಮೊಬೈಲ್ ಪಾವತಿ ಕಂಪನಿಗಳು ಬಂಡವಾಳಗಾರರ ಮುಂದೆ ಹೇಳಿಕೊಳ್ಳುವ ಬಹುಪಾಲು ಮಾತು ಆ ಏಜೆಂಟರ ಚೀಲದಲ್ಲಿ ಆಗಲೇ ಇತ್ತು.

1969 ಮತ್ತು 1980ರ ರಾಷ್ಟ್ರೀಕರಣದಿಂದ ಶಾಖೆಗಳು ಹಳ್ಳಿಗೆ ಬಂದವು. ಆಮೇಲೆ ಬಂದದ್ದು ವಿಲೀನಗಳ ಕಾಲ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ಕರಗಿತು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಕನ್ನಡ ನೆಲದಲ್ಲಿ ಹುಟ್ಟಿದ ಐದು ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ಉಳಿದದ್ದು ಕೆನರಾ ಒಂದೇ. ತುಮಕೂರು ಸೀಮೆಯ ಗ್ರಾಮೀಣ ಬ್ಯಾಂಕಿನ ಕಥೆಯಂತೂ ಪಾಸ್‌ಬುಕ್ಕಿನ ರಟ್ಟಿನ ಮೇಲೆಯೇ ಓದಿಕೊಳ್ಳಬಹುದಾದಂಥದು. ಕಲ್ಪತರು ಗ್ರಾಮೀಣ ಬ್ಯಾಂಕ್ ಮೊದಲು ಕಾವೇರಿ ಕಲ್ಪತರು ಆಯಿತು. 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಆಗಿ ಕಲ್ಪತರು ಹೆಸರು ಬಿದ್ದುಹೋಯಿತು. 2019ರಲ್ಲಿ ಪ್ರಗತಿ ಕೃಷ್ಣ ಬ್ಯಾಂಕಿನೊಡನೆ ಕೂಡಿ ಬಳ್ಳಾರಿ ಕೇಂದ್ರದ ಹೊಸ ಬ್ಯಾಂಕಾಯಿತು. ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕ್ ಎಂಬ ಕೇಂದ್ರದ ತೀರ್ಮಾನದಂತೆ 2025ರ ಮೇ 1ರಂದು ಧಾರವಾಡದ ವಿಕಾಸ ಬ್ಯಾಂಕನ್ನೂ ಕೂಡಿಸಿಕೊಂಡು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಖಾತೆದಾರರಿಗೆ ಇದರ ಅನುಭವ ಬಂದದ್ದು ಬದಲಾದ ಐಎಫ್‌ಎಸ್‌ಸಿ ಕೋಡು, ಹೊಸ ಚೆಕ್ ಪುಸ್ತಕಗಳ ರೂಪದಲ್ಲಿ.

ಇನ್ನೊಂದು ಅನುಭವ ಭಾಷೆಯದು. ಅಖಿಲ ಭಾರತ ಮಟ್ಟದ ನೇಮಕಾತಿ, ವರ್ಗಾವಣೆಗಳಿಂದ ಕೌಂಟರಿನಾಚೆ ಕನ್ನಡ ಬಾರದವರು ಕೂರುವುದು ಹೆಚ್ಚಿತು. ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದೆಂದು ಕೇಂದ್ರ 2019ರಲ್ಲಿ ಒಪ್ಪಿತು. ಆದರೂ 2025ರ ಮೇ ತಿಂಗಳಲ್ಲಿ ಆನೇಕಲ್ ಕಡೆಯ ಶಾಖೆಯೊಂದರಲ್ಲಿ ಕನ್ನಡ ಮಾತಾಡುವುದಿಲ್ಲವೆಂದು ವ್ಯವಸ್ಥಾಪಕರೊಬ್ಬರು ಹಟ ಹಿಡಿದ ವಿಡಿಯೊ ಹರಡಿ, ಮುಖ್ಯಮಂತ್ರಿಯವರೇ ಆಕ್ಷೇಪಿಸುವವರೆಗೆ ಹೋಯಿತು. ಮೊಬೈಲ್ ಆ್ಯಪಿನಲ್ಲಿ ಕನ್ನಡ ಆರಿಸಿಕೊಳ್ಳಬಹುದು, ಕೌಂಟರಿನಲ್ಲಿ ಆರಿಸಿಕೊಳ್ಳಲಾಗದು. ಡಿಜಿಟಲ್ ಬ್ಯಾಂಕಿಂಗಿಗೆ ಜನ ಒಗ್ಗಿಕೊಂಡ ಕಾರಣಗಳಲ್ಲಿ ಇದೂ ಒಂದೆಂದು ಹೇಳಿದರೆ ತಪ್ಪಾಗದು.

ನೋಟು ರದ್ದತಿ, ಯುಪಿಐ

ಯುಪಿಐ ಬಂದದ್ದು ನೋಟು ರದ್ದತಿಯಿಂದ ಎಂಬ ನಂಬಿಕೆ ವ್ಯಾಪಕವಾಗಿದೆ. ದಿನಾಂಕಗಳು ಬೇರೆ ಹೇಳುತ್ತವೆ. ರಾಷ್ಟ್ರೀಯ ಪಾವತಿ ನಿಗಮ ಅಂದರೆ ಎನ್‌ಪಿಸಿಐ ಸ್ಥಾಪನೆಯಾದದ್ದು 2008ರಲ್ಲಿ. ಯುಪಿಐಯನ್ನು ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಅನಾವರಣ ಮಾಡಿದ್ದು 2016ರ ಏಪ್ರಿಲ್ 11ರಂದು. ₹500, ₹1000ರ ನೋಟು ರದ್ದಾದದ್ದು ಅದೇ ವರ್ಷದ ನವೆಂಬರ್ 8ರ ರಾತ್ರಿ. ಮೌಲ್ಯದ ಲೆಕ್ಕದಲ್ಲಿ ಚಲಾವಣೆಯ ನೋಟಿನ ಶೇ. 86ರಷ್ಟು ಒಮ್ಮೆಗೇ ನಿಂತುಹೋಯಿತು. ಮೈಸೂರಿನ ಮುದ್ರಣಾಲಯದಲ್ಲಿ ಅಚ್ಚಾದ ₹2000ದ ಹೊಸ ನೋಟಿನ ಅಳತೆಯೇ ಬೇರೆ. ಅದು ಎಟಿಎಂ ಟ್ರೇಗಳಿಗೆ ಹೊಂದದೆ ಯಂತ್ರಗಳನ್ನೆಲ್ಲ ಮತ್ತೆ ಸರಿಪಡಿಸಬೇಕಾಯಿತು. ರದ್ದಾದ ₹15.41 ಲಕ್ಷ ಕೋಟಿಯಲ್ಲಿ ಶೇ. 99.3ರಷ್ಟು ಬ್ಯಾಂಕುಗಳಿಗೆ ವಾಪಸು ಬಂತು, ಕಪ್ಪುಹಣ ಸುಟ್ಟುಹೋಗುತ್ತದೆಂಬ ಲೆಕ್ಕಾಚಾರ ತಲೆಕೆಳಗಾಯಿತು. ನಗದು ಕೂಡ ಕಡಿಮೆಯಾಗಲಿಲ್ಲ: ರದ್ದತಿಯ ಹೊತ್ತಿಗೆ ₹18 ಲಕ್ಷ ಕೋಟಿಯ ಆಸುಪಾಸಿನಲ್ಲಿದ್ದ ನೋಟಿನ ಚಲಾವಣೆ 2025ರ ಮಾರ್ಚಿಗೆ ₹36 ಲಕ್ಷ ಕೋಟಿ ದಾಟಿತು. ಯುಪಿಐ ಬೆಳೆದದ್ದು ನೋಟಿನ ಜಾಗ ಕಿತ್ತುಕೊಂಡಲ್ಲ, ಚಿಲ್ಲರೆಯ ಜಾಗ ಹಿಡಿದುಕೊಂಡು.

ಕ್ಯಾತ್ಸಂದ್ರದ ಇಡ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಿಂತರೆ ಇದು ಅರ್ಥವಾಗುತ್ತದೆ. ಬಸ್ಸು, ಕಾರುಗಳಿಂದ ಇಳಿದವರು ಒಟ್ಟಿಗೆ ನುಗ್ಗುವ ಬೆಳಗಿನ ಹೊತ್ತಿನಲ್ಲಿ ದೊಡ್ಡ ನೋಟಿಗೆ ಚಿಲ್ಲರೆ ಹುಡುಕುವುದೇ ಹಿಂದೆ ದೊಡ್ಡ ಕೆಲಸವಾಗಿತ್ತು. ಈಗ ಗಿರಾಕಿ ಕ್ಯೂಆರ್ ಹಾಳೆಗೆ ಮೊಬೈಲ್ ಹಿಡಿಯುತ್ತಾನೆ. ಆ ಚೌಕದೊಳಗೆ ಇರುವುದು ಹೋಟೆಲಿನ ಪಾವತಿ ವಿಳಾಸ ಅಷ್ಟೆ. ಗಿರಾಕಿಯ ಆ್ಯಪಿನಿಂದ ಹೊರಟ ಕೋರಿಕೆ ಎನ್‌ಪಿಸಿಐ ಸ್ವಿಚ್ಚಿಗೆ ಹೋಗುತ್ತದೆ. ಅಲ್ಲಿಂದ ಗಿರಾಕಿಯ ಬ್ಯಾಂಕಿಗೆ ಹೋಗಿ ಪಿನ್ ಸರಿಯಿದ್ದರೆ ಹಣ ಕಡಿತವಾಗುತ್ತದೆ, ಹೋಟೆಲಿನ ಬ್ಯಾಂಕಿನಲ್ಲಿ ಜಮೆಯಾಗುತ್ತದೆ, ಎರಡೂ ಕಡೆಗೆ ಉತ್ತರ ಬರುತ್ತದೆ. ಎಲ್ಲ ಸೇರಿ ಕೆಲವೇ ಸೆಕೆಂಡು. ಬ್ಯಾಂಕ್ ಬ್ಯಾಂಕುಗಳ ನಡುವಿನ ನಿಜವಾದ ಲೇವಾದೇವಿ ಆಮೇಲೆ, ದಿನಕ್ಕೆ ಹಲವು ಸರದಿಗಳಲ್ಲಿ ರಿಸರ್ವ್ ಬ್ಯಾಂಕಿನ ಖಾತೆಗಳಲ್ಲಿ ಚುಕ್ತಾ ಆಗುತ್ತದೆ. ಗಲ್ಲಾಪೆಟ್ಟಿಗೆಯ ಪಕ್ಕದ ಸೌಂಡ್‌ಬಾಕ್ಸ್ ಮೊತ್ತವನ್ನು ಕನ್ನಡದಲ್ಲೇ ಕೂಗಿ ಹೇಳುತ್ತದೆ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರ ಕಾಟಕ್ಕೆ ಸಿಕ್ಕ ಮದ್ದು ಅದು. ಅದಕ್ಕೊಂದು ಸಿಮ್ ಇರುತ್ತದೆ, ಹಲವು ಕಡೆ ತಿಂಗಳ ಬಾಡಿಗೆಯೂ ಇರುತ್ತದೆ.

2025ರ ಆಗಸ್ಟಿನಲ್ಲಿ ದೇಶದ ಯುಪಿಐ ವಹಿವಾಟು ಒಂದೇ ತಿಂಗಳಲ್ಲಿ 2000 ಕೋಟಿ ಸಂಖ್ಯೆ ದಾಟಿತು. ಇದರಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಎರಡೇ ಆ್ಯಪುಗಳದ್ದು: ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ಫೋನ್‌ಪೇ ಮತ್ತು ಗೂಗಲ್ ಪೇ. ಒಂದು ಆ್ಯಪಿಗೆ ಶೇ. 30ರ ಮಿತಿ ಹಾಕುವ ನಿಯಮದ ಜಾರಿ 2026ರ ಕೊನೆಯವರೆಗೆ ಮುಂದಕ್ಕೆ ಹೋಗಿದೆ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ವ್ಯವಸ್ಥೆ ದೇಶವ್ಯಾಪಿ ಕೈಕೊಟ್ಟಾಗ ಕಿಸೆಯಲ್ಲಿ ನೋಟಿಲ್ಲದವರು ಪೇಚಿಗೆ ಸಿಕ್ಕರು.

ಟೋಲಿನ ಫಾಸ್ಟ್ಯಾಗ್ ಕೂಡ ಎನ್‌ಪಿಸಿಐ ಜಾಲದ್ದೇ. 2021ರ ಫೆಬ್ರವರಿ ಮಧ್ಯದಿಂದ ಕಡ್ಡಾಯ. ಟ್ಯಾಗ್ ಇಲ್ಲದ ವಾಹನ ನಗದು ಕೊಟ್ಟರೆ ಎರಡು ಪಟ್ಟು, ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು ಎಂಬ ನಿಯಮ 2025ರ ನವೆಂಬರ್ 15ರಿಂದ ಬಂತು. ನಗದು ಕೊಡುವವರಿಗೆ ಬಹಿರಂಗವಾಗಿಯೇ ದಂಡ ಹಾಕಿದ ಅಪರೂಪದ ಜಾಗ ಹೆದ್ದಾರಿಯ ಟೋಲು.

ಖಾತೆಗೆ ಬೀಳುವ ಸರ್ಕಾರದ ದುಡ್ಡು

ಹಳ್ಳಿಯ ಹೆಣ್ಣುಮಕ್ಕಳನ್ನು ಬ್ಯಾಂಕಿನ ಬಾಗಿಲಿಗೆ ತಂದದ್ದು ಯುಪಿಐ ಅಲ್ಲ, ಸರ್ಕಾರದ ನೇರ ನಗದು ವರ್ಗಾವಣೆ. 2014ರ ಆಗಸ್ಟ್ 28ರ ಜನಧನ್ ಯೋಜನೆಯಿಂದ ಖಾತೆ ತೆರೆದುಕೊಂಡಿತ್ತು, ಅದರಲ್ಲಿ ಹಣವಿರಲಿಲ್ಲ. ಹಾಲು ಹಾಕುವವರಿಗೆ ಡೇರಿಯ ಬಟವಾಡೆ, ಲೀಟರಿಗೆ ₹5ರ ಪ್ರೋತ್ಸಾಹಧನ ಖಾತೆಗೆ ಬರತೊಡಗಿತು. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತಲೆಗೆ ₹170 ಬಂತು (2025ರಲ್ಲಿ ಮತ್ತೆ ಅಕ್ಕಿಯೇ ಆಯಿತು). ಅದೇ ವರ್ಷದ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಯಾದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ ₹2000 ಕೊಟ್ಟಿತು. ಒಂದು ಕೋಟಿಗೂ ಹೆಚ್ಚು ಮಹಿಳೆಯರ ಖಾತೆಗೆ ತಿಂಗಳ ಹಣ ಹಾಕುವುದು ಬ್ಯಾಂಕಿಂಗಿನ ಲೆಕ್ಕದಲ್ಲಿ ಸಣ್ಣ ಕೆಲಸವಲ್ಲ.

ಗುಬ್ಬಿಯಾಗಲಿ ಕುಣಿಗಲ್ಲಾಗಲಿ, ಬ್ಯಾಂಕಿನ ಮುಂದಿನ ಸಾಲಿನಲ್ಲಿ ಕೇಳಿಬರುವ ಮಾತುಗಳನ್ನು ಗಮನಿಸಿ. ‘ಗೃಹಲಕ್ಷ್ಮಿ ದುಡ್ಡು ಬಿತ್ತಾ?’ ಎಂಬ ಪ್ರಶ್ನೆಗೆ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲಮ್ಮ, ಆಧಾರ್ ಸೀಡಿಂಗ್ ಮಾಡಿಸ್ಕೊಳ್ಳಿ’ ಎಂಬ ಉತ್ತರ. ಹತ್ತು ವರ್ಷದ ಹಿಂದೆ ಬ್ಯಾಂಕ್ ನೌಕರರಿಗೂ ಅಷ್ಟಾಗಿ ಪರಿಚಯವಿಲ್ಲದ ಸಂಸ್ಥೆಯ ಹೆಸರು ಅಜ್ಜಿಯರ ಬಾಯಲ್ಲಿದೆ. ಆಧಾರ್ ಆಧಾರಿತ ವರ್ಗಾವಣೆಯಲ್ಲಿ ಹಣ ಹೋಗುವುದು ಖಾತೆ ಸಂಖ್ಯೆಗಲ್ಲ, ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಎಲ್ಲೋ ಸಾಲಕ್ಕೆಂದು ಹೊಸ ಖಾತೆ ತೆರೆದು ಅದಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಹಣ ಅಲ್ಲಿಗೆ ಹೋಗಿ ಕೂರುತ್ತದೆ. ಹಳೆ ಪಾಸ್‌ಬುಕ್ ಹಿಡಿದು ನಿಂತವರಿಗೆ ದುಡ್ಡು ಬರಲೇ ಇಲ್ಲ ಅನ್ನಿಸುತ್ತದೆ. ಊರಿನಲ್ಲಿ ಬ್ಯಾಂಕ್ ಮಿತ್ರರು ಸಣ್ಣ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿ ಹಣ ಕೊಡುತ್ತಾರೆ. ಗೇಯ್ದು ಸವೆದ ಬೆರಳಿನ ಗೆರೆ ಮೂಡದಿದ್ದರೆ ಎರಡು ಮೂರು ಸಲ ಒರೆಸಿ, ಬೇರೆ ಬೆರಳಿಟ್ಟು ನೋಡಬೇಕಾಗುತ್ತದೆ.

ಸಾಲದ ಮುಖವೂ ಇದೆ. ಖಾತೆಯ ಚರಿತ್ರೆ ಸಿಕ್ಕಿದ್ದರಿಂದ ಮೈಕ್ರೊಫೈನಾನ್ಸ್ ಕಂಪನಿಗಳು, ಸಾಲದ ಆ್ಯಪುಗಳು ಮನೆ ಹೊಕ್ಕವು. ಕಿರುಕುಳದ ದೂರುಗಳು ಹೆಚ್ಚಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಆನ್‌ಲೈನ್ ವಂಚನೆಗೆ 1930 ಸಹಾಯವಾಣಿ ಇದೆ, ಎಷ್ಟು ಬೇಗ ಕರೆ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮಂಡಿ, ಪರಿಷೆ

ಕರ್ನಾಟಕ 2014ರಲ್ಲೇ ಎಪಿಎಂಸಿಗಳಿಗೆ ಏಕೀಕೃತ ಆನ್‌ಲೈನ್ ಮಾರುಕಟ್ಟೆ ತಂದು ದೇಶಕ್ಕೆ ಮೊದಲಾಯಿತು. ಲಾಟಿಗೆ ಸಂಖ್ಯೆ ಬೀಳುತ್ತದೆ, ವರ್ತಕರು ಕಂಪ್ಯೂಟರಿನಲ್ಲಿ ಬೆಲೆ ಹಾಕುತ್ತಾರೆ, ಹೆಚ್ಚಿನ ಬೆಲೆ ತೆರೆಯ ಮೇಲೆ ಬರುತ್ತದೆ. ಆದರೆ ಬಿಡ್ ಆನ್‌ಲೈನ್ ಆದಷ್ಟು ಬೇಗ ಪಾವತಿ ಆನ್‌ಲೈನ್ ಆಗಲಿಲ್ಲ. ಅಡಿಕೆ, ಕೊಬ್ಬರಿ ಬೆಳೆಗಾರ ಮಂಡಿಯವರ ಹತ್ತಿರ ಮದುವೆಗೋ ಬೋರ್‌ವೆಲ್ಲಿಗೋ ಮುಂಗಡ ತಂದಿರುತ್ತಾನೆ. ಆ ಲೆಕ್ಕ ಚುಕ್ತಾ ಆಗುವುದು ಮಂಡಿಯ ಪುಸ್ತಕದಲ್ಲಿ. ಅಡಮಾನವಿಲ್ಲದೆ ಅರ್ಧ ಗಂಟೆಯಲ್ಲಿ ಹಣ ಕೊಡುವ ಬ್ಯಾಂಕ್ ಸಿಗುವವರೆಗೂ ಆ ಪುಸ್ತಕ ಮುಚ್ಚುವುದಿಲ್ಲ.

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ಸೇರುವ ದನಗಳ ಪರಿಷೆ ಇನ್ನೂ ಗಟ್ಟಿ. ಹಳ್ಳಿಕಾರ್ ಜೋಡಿಯ ಹಲ್ಲು, ಸುಳಿ ನೋಡಿದ ಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕೂಡಿಸುವುದು ಹಳೆಯ ಪದ್ಧತಿ. ಸುತ್ತ ನಿಂತವರಿಗೆ ಮೊತ್ತ ತಿಳಿಯಬಾರದೆಂಬುದೇ ಅದರ ಉದ್ದೇಶ. ಒಳ್ಳೆಯ ಜೋಡಿಯ ಬೆಲೆ ಲಕ್ಷ ದಾಟುತ್ತದೆ, ಒಬ್ಬರಿಂದ ಒಬ್ಬರಿಗೆ ಯುಪಿಐ ಕಳಿಸುವ ಸಾಮಾನ್ಯ ಮಿತಿ ದಿನಕ್ಕೆ ₹1 ಲಕ್ಷ. ಪರಿಷೆಯ ಬೀದಿಯಲ್ಲಿ ಕಡ್ಲೆಪುರಿ, ಹಗ್ಗ, ಗೆಜ್ಜೆ ಕೊಳ್ಳಲು ಕ್ಯೂಆರ್, ರಾಸು ಕೊಳ್ಳಲು ನೋಟಿನ ಕಂತೆ. ಸಣ್ಣದಕ್ಕೆ ದಾಖಲೆ, ದೊಡ್ಡದಕ್ಕೆ ಗುಟ್ಟು.

ನೋಟಿಸಿನ ಜುಲೈ

ದಾಖಲೆ ಎಂದರೇನೆಂದು ಸಣ್ಣ ವ್ಯಾಪಾರಿಗಳಿಗೆ ತಿಳಿದದ್ದು 2025ರ ಜುಲೈನಲ್ಲಿ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿಯನ್ನು ಪಾವತಿ ಕಂಪನಿಗಳಿಂದ ತರಿಸಿಕೊಂಡು ಸಾವಿರಾರು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ನೋಟಿಸ್ ಕೊಟ್ಟಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ ₹40 ಲಕ್ಷ, ಸೇವೆಯವರದು ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ₹20 ಲಕ್ಷವೆಂದರೆ ದಿನಕ್ಕೆ ಸರಾಸರಿ ಐದೂವರೆ ಸಾವಿರ. ಹೋಟೆಲು ಸೇವೆಯ ಲೆಕ್ಕಕ್ಕೆ ಬರುವುದರಿಂದ ಹೆದ್ದಾರಿ ಬದಿಯ ಇಡ್ಲಿ ಅಂಗಡಿಗೆ ಈ ಗೆರೆ ದೂರವೇನಲ್ಲ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ ₹1.63 ಕೋಟಿ ಜಮೆಯ ಮೇಲೆ ₹29 ಲಕ್ಷ ಕಟ್ಟಲು ಹೇಳಿದ್ದು ರಾಜ್ಯವೆಲ್ಲ ಸುದ್ದಿಯಾಯಿತು. ತರಕಾರಿಗೆ ತೆರಿಗೆಯೇ ಇಲ್ಲ.

‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಕ್ಯೂಆರ್ ಹಾಳೆಯ ಮೇಲೇ ಅಂಟಿಕೊಂಡವು. ಬೇಕರಿಗಳು ಹಾಲು ಮಾರುವುದು ನಿಲ್ಲಿಸಿದವು, ಜುಲೈ 25ರ ಬಂದ್ ಘೋಷಣೆಯಾಯಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಬಂದ್ ಕೈಬಿಟ್ಟರು. ಕಾನೂನಿನ ಗೆರೆ ಸರಿಯೇ ಇತ್ತು. ಎಡವಿದ್ದು ಖಾತೆಗೆ ಬಂದದ್ದೆಲ್ಲ ವ್ಯಾಪಾರ ಎಂದು ಹಿಡಿದಲ್ಲಿ. ಭಾವಮೈದುನ ಕೊಟ್ಟ ಕೈಸಾಲ, ಚೀಟಿ ದುಡ್ಡು, ಮಗನ ಫೀಸಿಗೆ ಊರಿಂದ ಬಂದ ಹಣ ಎಲ್ಲವೂ ಅದೇ ಕ್ಯೂಆರ್‌ನಲ್ಲಿ ಬಂದಿರುತ್ತದೆ. ಕಂಪ್ಯೂಟರಿಗೆ ಮೊತ್ತ ಕಾಣುತ್ತದೆ, ಸಂಬಂಧ ಕಾಣುವುದಿಲ್ಲ.

ಕ್ರಿಪ್ಟೊ: ತುಮಕೂರಿನ ಒಂದು ದೂರು

ಸತೋಶಿ ನಕಮೊಟೊ ಎಂಬ ಗುಪ್ತನಾಮದಲ್ಲಿ 2008ರ ಅಕ್ಟೋಬರ್ 31ರಂದು ಪ್ರಬಂಧವಾಗಿ ಬಂದ ಬಿಟ್‌ಕಾಯಿನ್ 2009ರ ಜನವರಿಯಲ್ಲಿ ಚಾಲೂ ಆಯಿತು. ಭಾರತದ ಆರಂಭದ ವಿನಿಮಯ ಕಂಪನಿಗಳಲ್ಲಿ ಒಂದಾದ ಯೂನೋಕಾಯಿನ್ 2013ರದು. ಅದರಿಂದ 60.6 ಬಿಟ್‌ಕಾಯಿನ್ ಕಳವಾದ ಬಗ್ಗೆ 2017ರಲ್ಲಿ ದೂರು ದಾಖಲಾದದ್ದು ತುಮಕೂರಿನ ಹೊಸ ಬಡಾವಣೆ ಠಾಣೆಯಲ್ಲಿ. ಆಗಿನ ಬೆಲೆ ಸುಮಾರು ₹1.14 ಕೋಟಿ. ರಾಜ್ಯ ರಾಜಕಾರಣವನ್ನೇ ಕಲಕಿದ ಬಿಟ್‌ಕಾಯಿನ್ ಹಗರಣದ ತನಿಖೆಗೆ 2023ರಲ್ಲಿ ವಿಶೇಷ ತಂಡ ರಚನೆಯಾದ ಮೇಲೆ, ಈ ಹಳೆ ದೂರಿಗೆ ಮತ್ತೆ ಜೀವ ಬಂದು 2024ರಲ್ಲಿ ಬಂಧನವೂ ಆಯಿತು. 2024ರ ಡಿಸೆಂಬರಿನಲ್ಲಿ ಒಂದು ಬಿಟ್‌ಕಾಯಿನ್ 1 ಲಕ್ಷ ಡಾಲರ್ ಮುಟ್ಟಿದಾಗ ಅಷ್ಟೇ ನಾಣ್ಯಗಳ ಬೆಲೆ ₹50 ಕೋಟಿ ದಾಟಿತ್ತು. ಠಾಣೆಯ ಪುಸ್ತಕದಲ್ಲಿ ಬಿದ್ದಿದ್ದಂತೆಯೇ ಕಳವಿನ ಮಾಲು ನಲವತ್ತು ಪಟ್ಟಿಗಿಂತ ಹೆಚ್ಚು ಬೆಳೆಯುವುದು ದಂಡಸಂಹಿತೆ ಬರೆದವರ ಊಹೆಗೆ ಬಂದಿರಲಾರದು.

ಕ್ರಿಪ್ಟೊ ಕಂಪನಿಗಳಿಗೆ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲಿನಲ್ಲಿ ಬ್ಯಾಂಕುಗಳಿಗೆ ಹೇಳಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. 2022ರಿಂದ ಲಾಭದ ಮೇಲೆ ಶೇ. 30 ತೆರಿಗೆ, ವಹಿವಾಟಿನ ಮೇಲೆ ಶೇ. 1 ಟಿಡಿಎಸ್ ಇದೆ. ನಿಷೇಧವೂ ಇಲ್ಲ, ಮಾನ್ಯತೆಯೂ ಇಲ್ಲ.

ಇ-ರೂಪಾಯಿ

ಚಿಲ್ಲರೆ ಬಳಕೆಯ ಇ-ರೂಪಾಯಿ ಪ್ರಯೋಗ 2022ರ ಡಿಸೆಂಬರ್ 1ರಂದು ಆರಂಭವಾದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಕೆನರಾ ಬ್ಯಾಂಕ್ 2023ರಲ್ಲಿ ಯುಪಿಐ ಕ್ಯೂಆರ್‌ಗೂ ಹೊಂದುವ ಇ-ರೂಪಾಯಿ ಆ್ಯಪ್ ತಂದಿತು. ಯುಪಿಐನಲ್ಲಿ ಹೋಗುವುದು ಬ್ಯಾಂಕ್ ನಮಗೆ ಕೊಡಬೇಕಾದ ಹಣ. ಇ-ರೂಪಾಯಿ ನೋಟಿನಂತೆಯೇ ರಿಸರ್ವ್ ಬ್ಯಾಂಕಿನ ನೇರ ಹೊಣೆ, ಬಡ್ಡಿ ಇಲ್ಲ. ಬ್ಯಾಂಕ್ ಮುಳುಗಿದರೂ ಅದಕ್ಕೆ ಧಕ್ಕೆಯಿಲ್ಲ ಎಂಬುದು ಅದರ ದೊಡ್ಡ ಗುಣ. 2025ರ ಮಾರ್ಚಿಗೆ ಚಲಾವಣೆಯಲ್ಲಿದ್ದ ಮೊತ್ತ ₹1,016 ಕೋಟಿ. ನೋಟುಗಳ ಚಲಾವಣೆಯ ಎದುರು ಇಟ್ಟರೆ ಹತ್ತು ಸಾವಿರಕ್ಕೆ ಮೂರು ರೂಪಾಯಿಯೂ ಬರುವುದಿಲ್ಲ. ಯುಪಿಐ ಪುಕ್ಕಟೆಯಾಗಿ ಇಷ್ಟು ಚೆನ್ನಾಗಿ ನಡೆಯುವಾಗ ಇನ್ನೊಂದು ಆ್ಯಪ್ ಏಕೆಂಬ ಪ್ರಶ್ನೆಗೆ ಗಿರಾಕಿಗೆ ಒಪ್ಪುವ ಉತ್ತರ ಇನ್ನೂ ಬಂದಿಲ್ಲ.

ಹೊರ ಜಗತ್ತು

ಬಹಾಮಾಸ್ 2020ರಲ್ಲಿ, ನೈಜೀರಿಯ 2021ರಲ್ಲಿ ಸರ್ಕಾರಿ ಡಿಜಿಟಲ್ ನಾಣ್ಯ ತಂದವು, ಎರಡೂ ಕಡೆ ಬಳಕೆ ತೆಳು. ಚೀನಾ ಇ-ಯುವಾನ್ ಹರಡುತ್ತಿದೆ, ಯುರೋಪು ಸಿದ್ಧತೆಯಲ್ಲಿದೆ. ಬಿಟ್‌ಕಾಯಿನ್ನಿಗೆ 2021ರಲ್ಲಿ ಕಾನೂನು ಮಾನ್ಯತೆ ಕೊಟ್ಟ ಎಲ್ ಸಾಲ್ವಡಾರ್ 2025ರಲ್ಲಿ ಕಡ್ಡಾಯ ಸ್ವೀಕಾರದ ನಿಯಮ ಹಿಂತೆಗೆದುಕೊಂಡಿತು. ಜನ ನಿಜಕ್ಕೂ ಅಪ್ಪಿಕೊಂಡದ್ದು ಕೀನ್ಯಾದ ಎಂ-ಪೆಸಾ (2007), ಬ್ರೆಜಿಲ್‌ನ ಪಿಕ್ಸ್ (2020) ಮತ್ತು ಯುಪಿಐಯಂಥ ಪಾವತಿ ಜಾಲಗಳನ್ನು.

ಅಮೆರಿಕ ಹಿಡಿದ ದಾರಿ ಬೇರೆ. 2025ರ ಜನವರಿಯಲ್ಲಿ ಅಲ್ಲಿನ ಅಧ್ಯಕ್ಷರು ಸರ್ಕಾರಿ ಡಿಜಿಟಲ್ ಡಾಲರ್ ಬೇಡವೆಂದು ಆದೇಶಿಸಿದರು, ಜುಲೈನಲ್ಲಿ ಖಾಸಗಿ ಸ್ಟೇಬಲ್‌ಕಾಯಿನ್‌ಗಳಿಗೆ ಕಾನೂನು ಬಂತು. ಒಂದು ನಾಣ್ಯಕ್ಕೆ ಒಂದು ಡಾಲರಿನ ಆಸ್ತಿ ಬೆನ್ನಿಗಿಟ್ಟು ಹೊರಡಿಸುವ ಇವು ಅಮೆರಿಕ ಸರ್ಕಾರದ ಸಾಲಪತ್ರಗಳಿಗೆ ದೊಡ್ಡ ಗಿರಾಕಿಗಳಾಗಿವೆ. ಟೆದರ್ ಕಂಪನಿಯೊಂದೇ 2025ರ ಮಧ್ಯದ ಹೊತ್ತಿಗೆ 12,000 ಕೋಟಿ ಡಾಲರಿಗೂ ಮಿಕ್ಕಿ ಇಟ್ಟುಕೊಂಡಿತ್ತು. ರಷ್ಯದ ಹಲವು ಬ್ಯಾಂಕುಗಳನ್ನು 2022ರಲ್ಲಿ ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಬ್ಯಾಂಕಿಂಗ್ ಜಾಲದಿಂದ ಹೊರಹಾಕಿದ ಮೇಲೆ ಹಲವು ದೇಶಗಳು ತಮ್ಮದೇ ಪಾವತಿ ದಾರಿಗೆ ಹುಡುಕಾಡುತ್ತಿವೆ. ಭಾರತದ ಯುಪಿಐ 2021ರಲ್ಲಿ ಭೂತಾನಿಗೆ ಹೋಯಿತು, 2023ರ ಫೆಬ್ರವರಿಯಲ್ಲಿ ಸಿಂಗಪುರದ ಪೇನೌ ಜಾಲಕ್ಕೆ ಜೋಡಣೆಯಾಯಿತು. ಸಿಂಗಪುರದಲ್ಲಿ ಕೆಲಸಕ್ಕಿರುವ ಮಗ ಊರಿನ ತಾಯಿಗೆ ನಿಮಿಷದಲ್ಲಿ ಹಣ ಕಳಿಸಬಹುದು.

ಖರ್ಚು ಯಾರದು

2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರು ಶುಲ್ಕ ಕೊಡಬೇಕಿಲ್ಲ. ಸ್ವಿಚ್ಚು, ಸರ್ವರ್, ವಂಚನೆ ತಡೆ, ದೂರು ವಿಲೇವಾರಿ ಯಾವುದೂ ಪುಕ್ಕಟೆಯಲ್ಲವಾದ್ದರಿಂದ ಬ್ಯಾಂಕುಗಳಿಗೂ ಪಾವತಿ ಕಂಪನಿಗಳಿಗೂ ಕೇಂದ್ರ ಪ್ರೋತ್ಸಾಹಧನ ಕೊಡುತ್ತ ಬಂದಿದೆ. 2024-25ಕ್ಕೆ ಅಂದಾಜು ₹1,500 ಕೋಟಿಯ ಯೋಜನೆಗೆ 2025ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು: ಸಣ್ಣ ವ್ಯಾಪಾರಿಗಳು ಪಡೆಯುವ ₹2000ದವರೆಗಿನ ಪಾವತಿಗೆ ಶೇ. 0.15. ಆ ದರದಲ್ಲಿ ನೂರು ರೂಪಾಯಿಯ ತಿಂಡಿ ಬಿಲ್ಲಿಗೆ ಹದಿನೈದು ಪೈಸೆ. ಪಾವತಿ ಉದ್ಯಮದವರು ಅದು ಸಾಲದೆನ್ನುತ್ತ ದೊಡ್ಡ ಅಂಗಡಿಗಳಿಂದಲಾದರೂ ಶುಲ್ಕ ಪಡೆಯಲು ಬಿಡಿ ಎಂದು ಕೇಳುತ್ತಿದ್ದಾರೆ. ಶುಲ್ಕ ಹಾಕುತ್ತಾರೆಂಬ ಸುದ್ದಿ ಹಬ್ಬಿದಾಗ 2025ರ ಜೂನ್‌ನಲ್ಲಿ ಹಣಕಾಸು ಸಚಿವಾಲಯ ಅದನ್ನು ಅಲ್ಲಗಳೆಯಿತು.